ಪುಟ್ಟಪ್ಪ ಮೇಡಂ

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಹಳೆಯ ಶಾಲೆಯವರ ವಾಟ್ಸಾಪ್ ಗುಂಪಿನಲ್ಲಿ. ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು ಕೂತಿದ್ದೆ. ಆಗ ನಮಗೆ ಮುಖ್ಯೋಪಾಧ್ಯಾಯರಾಗಿದ್ದು ಈಗ ನಿವೃತ್ತರಾಗಿರುವವರು ಅವರದೊಂದು ಹಳೆಯ ಫೋಟೋ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ 'ಪಾಸ್ಡ್ ಅವೇ' ಎಂದು ಬರೆದಿದ್ದರು. ಅದರ ಕೆಳಗೆ ಒಂದರ ಹಿಂದೊಂದು ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ. ಹಾಕಿದ ಮೇಲೆ ಆ ಎರಡು ಪದಗಳನ್ನೇ ನೋಡುತ್ತ ಕೂತುಬಿಟ್ಟೆ. ಅವರು ಇದ್ದಿದ್ದರೆ ಸುಮ್ಮನೆ ಬಿಡುತ್ತಿರಲಿಲ್ಲ. "ಪಾಸ್ ಅಂದ್ರೆ ದಾಟೋದು, ಅವೇ ಅಂದ್ರೆ ದೂರ. ಸತ್ತ ಅನ್ನಾಕೆ ಅಂಜ್ಕಂಡು ದಾಟ್ ಹೋದ ಅಂತವ್ರೆ. ನಾವು ತೀರ್ಕಂಡ ಅನ್ನಲ್ವಾ, ಹಂಗೆ," ಎಂದು ಶುರು ಮಾಡಿಬಿಡುತ್ತಿದ್ದರು.

ಅವರಿಗೆ ಐವತ್ತಮೂರು ವರ್ಷ. ಪಾಠ ಮುಗಿಸಿ ತರಗತಿಯಿಂದ ಹೊರಗೆ ಬಂದವರು ಜಗಲಿಯಲ್ಲೇ ಕುಸಿದರಂತೆ. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆ ಸೇರುವ ಮೊದಲೇ ಮುಗಿದಿತ್ತು.

ಕನಕಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾವಿಬ್ಬರೂ ಆರು ವರ್ಷ ಜೊತೆಗಿದ್ದೆವು. ಅವರು ಇಂಗ್ಲಿಷ್, ನಾನು ಕನ್ನಡ. ನನಗಿಂತ ಎಂಟು ವರ್ಷ ದೊಡ್ಡವರು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು 'ಅಮ್ಮಿ' ಎನ್ನುತ್ತಿದ್ದರು. ಮಕ್ಕಳು ಮಾತ್ರ ಬೆನ್ನ ಹಿಂದೆ ಅವರನ್ನು ಪುಟ್ಟಪ್ಪ ಮೇಡಂ ಎಂದು ಕರೆಯುತ್ತಿದ್ದವು.

ಆ ಹೆಸರು ಬಂದದ್ದು ಒಂದು ಇಂಗ್ಲಿಷ್ ಕ್ರಿಯಾಪದದಿಂದ. ಇಂಗ್ಲಿಷಿನಲ್ಲಿ ಚಿಕ್ಕದೊಂದು ಕ್ರಿಯಾಪದಕ್ಕೆ ಅಪ್, ಡೌನ್, ಆಫ್ ಎಂಬ ಬಾಲ ಸೇರಿಸಿದರೆ ಅರ್ಥವೇ ಬೇರೆಯಾಗುತ್ತದಲ್ಲ, ಅದನ್ನು ಕಲಿಸುವುದೆಂದರೆ ಅವರಿಗೆ ಹುಚ್ಚು. ಎಂಟನೇ ತರಗತಿಗೆ ಮಕ್ಕಳು ಬಂದ ಮೊದಲ ವಾರವೇ ಹಲಗೆಯ ಮೇಲೆ 'ಪುಟ್ ಅಪ್ ವಿತ್', ಅಂದರೆ ಸಹಿಸಿಕೊಳ್ಳುವುದು, ಎಂದು ದೊಡ್ಡದಾಗಿ ಬರೆಯುತ್ತಿದ್ದರು. ಮಕ್ಕಳ ಬಾಯಲ್ಲಿ ಅದು 'ಪುಟ್ಟಪ್ಪ ವಿತ್' ಆಯಿತು. ಒಂದು ಸಲ ಹಿಂದಿನ ಬೆಂಚಿನಿಂದ ಯಾರೋ, "ಮೇಡಂ, ಈ ಪುಟ್ಟಪ್ಪ ಯಾವೂರೋರು?" ಎಂದು ಕೇಳಿ ಇಡೀ ತರಗತಿ ನಕ್ಕಿತಂತೆ. ಅವರೂ ನಕ್ಕು, "ಎಲ್ಲಾ ಊರಲ್ಲೂ ಅವ್ನೆ ಕಣ್ರೋ. ನಿಮ್ಮನೇಲಿ ಇಲ್ವಾ ನೋಡ್ಕಂಡ್ ಬನ್ನಿ," ಎಂದರಂತೆ.

ಅವರದು ಮಾಗಡಿ ತಾಲ್ಲೂಕು, ಕೆಂಪಾಪುರದ ಹತ್ತಿರದ ಹಳ್ಳಿ. ಒಂದಿಷ್ಟು ಹೊಲ, ಒಂದು ಮಂದೆ ಕುರಿ ಇದ್ದ ಮನೆ. ಪಾಠದ ಇಂಗ್ಲಿಷ್ ಬಿಟ್ಟರೆ ಉಳಿದ ಮಾತೆಲ್ಲ ಊರಿನದೇ. ತಪಾಸಣೆಗೆ ಬಂದ ಅಧಿಕಾರಿಯ ಮುಂದೆಯೂ 'ಐತೆ' ಎಂದೇ ಅನ್ನುತ್ತಿದ್ದರು. ಮಳೆಗಾಲದಲ್ಲಿ ಅಪ್ಪ ಕೊಟ್ಟ ಕರಿ ಕಂಬಳಿಯನ್ನು ಸೀರೆಯ ಮೇಲೆ ಹೊದ್ದು ಬಸ್ಸು ಹತ್ತುವರು. ನಾವು ಉಳಿದ ಟೀಚರುಗಳು ಕೊಡೆಯ ಕೆಳಗೆ ನಿಂತು ಮುಸಿಮುಸಿ ನಗುತ್ತಿದ್ದೆವು. ಮಕ್ಕಳನ್ನು ಎಣಿಸುವಾಗ ಬಾಗಿಲಲ್ಲಿ ನಿಂತು ಎರಡೆರಡು ತಲೆಗಳನ್ನು ಒಟ್ಟಿಗೆ ಮುಟ್ಟಿ ಒಳಗೆ ಬಿಡುತ್ತಿದ್ದರು. "ನಮ್ಮಪ್ಪ ರೊಪ್ಪಕ್ಕೆ ಕುರಿ ಬುಡ್ತಿದ್ದುದು ಹಿಂಗೇ. ಒಂದ್ ಕಡ್ಮೆ ಆದ್ರೂ ಕೈಗ್ ಗೊತ್ತಾಯ್ತದೆ," ಎನ್ನುತ್ತಿದ್ದರು.

ಅವರ ಕೈಚೀಲದಲ್ಲಿ ಯಾವಾಗಲೂ ಒಂದು ದಪ್ಪ ಇಂಗ್ಲಿಷ್ ನಿಘಂಟು. ಅದಕ್ಕೆ ಮುಂದಿನ ರಟ್ಟಿರಲಿಲ್ಲ. ಮೊದಲ ನೂರಿನ್ನೂರು ಪುಟಗಳೂ ಇರಲಿಲ್ಲ. ಇದ್ದ ಪುಟಗಳ ಅಂಚು ಕಪ್ಪಗೆ ಸುಟ್ಟಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅದೇನೆಂದು ಕೇಳಿದೆ. ಟೀ ಲೋಟ ಹಿಡಿದುಕೊಂಡೇ ಹೇಳಿದರು.

ಅವರನ್ನು ಚನ್ನಪಟ್ಟಣಕ್ಕೆ ಕೊಟ್ಟಿದ್ದರು. ಗಂಡನಿಗೆ ಹೆಂಡತಿ ಓದುವುದು ಕಂಡರೆ ಆಗದು. ಏಳು ವರ್ಷ ಬೈಗುಳ, ಏಟು ಎಲ್ಲ ನಡೆದಿತ್ತು. ತವರಿಗೆ ಬಂದು ಹೇಳಿಕೊಂಡಾಗಲೆಲ್ಲ ಅವರವ್ವ, "ಹೊಟ್ಟೆಗ್ ಹಾಕ್ಕೋ ಮಗಾ," ಎಂದು ಬಸ್ಸು ಹತ್ತಿಸಿ ಕಳಿಸುತ್ತಿದ್ದಳು. ಒಂದು ದಿನ ಗಂಡ ಆ ನಿಘಂಟನ್ನು ಕಿತ್ತುಕೊಂಡು ನೀರೊಲೆಗೆ ಹಾಕಿದ. ಇವರು ಬರಿಗೈಯಲ್ಲಿ ಒಲೆಯೊಳಗಿಂದ ಎಳೆದುಕೊಂಡರು. ಬಲಗೈಯ ಎರಡು ಬೆರಳುಗಳ ತುದಿಗಳು ಕೊನೆಯವರೆಗೂ ನುಣ್ಣಗೆ, ಬಿಳಿಚಿಕೊಂಡಿದ್ದವು. ಪುಸ್ತಕವನ್ನು ಸೆರಗಲ್ಲಿ ಸುತ್ತಿಕೊಂಡು ಹೊರಟವರು ಮತ್ತೆ ಆ ಮನೆಗೆ ಹೋಗಲಿಲ್ಲ.

"ಬೇಜಾರು ಏನು ಗೊತ್ತಾ?" ಎಂದರು. "ಏಳು ವರ್ಷ ನನ್ನ ಹೊಡ್ದಾಗ ಹೋಗ್ಲಿಲ್ಲ. ಪುಸ್ತಕ ಸುಟ್ಟಾಗ ಹೋದೆ. ನನ್ ಮೈಯಿ ಅಷ್ಟು ಅಗ್ಗ ಆಗೋಗಿತ್ತು ನನ್ಗೆ."

ನಾವಿಬ್ಬರೂ ಕನಕಪುರದಲ್ಲೇ ಮನೆ ಮಾಡಿದ್ದರಿಂದ ಹೋಗುವಾಗ ಬರುವಾಗ ಒಂದೇ ಬಸ್ಸು, ಒಂದೇ ಸೀಟು. ಒಂದು ಸಂಜೆ ನಾನು ಕೇಳಿದೆ: "ಅಕ್ಕಾ, ಅಂಥ ಮಾತುಗಳು ನೂರಾರು ಇರೋವಾಗ ಪುಟ್ ಅಪ್ ವಿತ್ ಮೇಲೆ ಯಾಕೆ ನಿಮಗೆ ಅಷ್ಟು ಪ್ರೀತಿ?"

"ಪ್ರೀತಿಯಲ್ಲ ಕಣಮ್ಮಿ, ಸಿಟ್ಟು."

ಬಸ್ಸು ಕ್ವಾರಿಯ ಲಾರಿಗಳ ಹಿಂದೆ ಸಿಕ್ಕಿಕೊಂಡು ತೆವಳುತ್ತಿತ್ತು. ಅವರು ಕಿಟಕಿ ಮುಚ್ಚಿ ನನ್ನ ಕಡೆ ತಿರುಗಿದರು. "ಹಿಂದೆ ಇಂಗ್ಲಿಷ್‌ನಲ್ಲಿ ಪುಟ್ ಅಪ್ ಅಂದ್ರೆ ಎತ್ತಿಡೋದು ಅಂತ್ಲೂ ಇತ್ತು. ಕತ್ತಿ ಹಿಡ್ಕಂಡೋನು ಅದ್ನ ಒರೆಗೆ ಹಾಕಿದ್ರೆ ಪುಟ್ ಅಪ್. ಕೈಲಿರೋದ್ನ ಜೇಬಿಗೋ ಚೀಲಕ್ಕೋ ಸೇರಿಸಿದ್ರೆ ಪುಟ್ ಅಪ್. ಆಮೇಲೆ ಯಾರಾದ್ರೂ ಬೈದ್ರೆ, ಅವಮಾನ ಮಾಡಿದ್ರೆ, ತಿರುಗಿ ಮಾತಾಡ್ದೆ ಅದ್ನೂ ಹಂಗೇ ಎತ್ತಿಟ್ಕಳದಕ್ಕೂ ಅದೇ ಮಾತಾಯ್ತು. ಈ ವಿತ್ ಅನ್ನೋ ಬಾಲ ಎಷ್ಟೋ ಕಾಲದ ಮೇಲೆ ಬಂದು ಅಂಟ್ಕಂತು. ಹಿಂಗೇ ಆಯ್ತು ಅಂತ ಆಣೆ ಮಾಡಿ ಹೇಳಾಕಾಗಲ್ಲ. ದೊಡ್ಡ ಡಿಕ್ಷನರಿಗಳಲ್ಲಿ ಹುಡುಕಿದ್ರೆ ಹಿಂಗೈತೆ."

"ನಮ್ಮಲ್ಲಿ ಹೊಟ್ಟೆಗೆ ಹಾಕ್ಕೊಳ್ಳೋದು ಅಂತೀವಲ್ಲ, ಹಾಗೆ," ಎಂದೆ.

"ಅದೇ ನೋಡು. ಇಂಗ್ಲಿಷಿನೋನು ಜೇಬಿಗ್ ಹಾಕ್ಕಂಡ. ನಾವು ಹೊಟ್ಟೆಗ್ ಹಾಕ್ಕಂಡೋ. ಜೇಬಿಗ್ ಹಾಕಿದ್ದ ಬೇಕಾದಾಗ ಈಚೆಗ್ ತೆಗೀಬೋದು. ಹೊಟ್ಟೆಗ್ ಹಾಕಿದ್ದು?"

"ಅರಗಿ ಹೋಗುತ್ತೆ."

"ಎಲ್ಲಾನೂ ಅರಗಾಕಿಲ್ಲ ಕಣಮ್ಮಿ," ಎಂದರು.

ಕ್ವಾರಿಯ ವಿಷಯಕ್ಕೆ ಬರಬೇಕು. ನಮ್ಮ ಶಾಲೆಯ ಹಿಂದೆ ಒಂದು ಕಲ್ಲುಬೆಟ್ಟ. ಅದರ ಆ ಮಗ್ಗುಲಲ್ಲಿ ಬಂಡೆ ಸಿಡಿಸುವ ಕ್ವಾರಿ, ಪಕ್ಕದಲ್ಲೇ ಜಲ್ಲಿ ಕ್ರಷರ್. ಶಾಲೆಯ ಕೊಳವೆಬಾವಿ, ನೆಲದ ಟೈಲ್ಸು, ಎರಡು ಕಂಪ್ಯೂಟರ್ ಎಲ್ಲ ಆ ಕ್ವಾರಿಯ ಮಾಲೀಕರ ದಾನ. ಅವರ ಹೆಸರಿನ ಕಪ್ಪು ಕಲ್ಲು ಮುಖ್ಯೋಪಾಧ್ಯಾಯರ ಕೋಣೆಯ ಪಕ್ಕದಲ್ಲೇ ಇತ್ತು. ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ಗಂಡನಿಗೆ ಕೆಲಸ ಆ ಕ್ವಾರಿಯಲ್ಲೇ. ವೇಬ್ರಿಡ್ಜಿನಲ್ಲಿ ಕೂತು ಲಾರಿಗಳ ತೂಕ ಬರೆದುಕೊಳ್ಳುವುದು.

ಮಧ್ಯಾಹ್ನದ ಹೊತ್ತು ಬಂಡೆ ಸಿಡಿದರೆ ಕಿಟಕಿಯ ಸರಳು ನಡುಗುತ್ತಿದ್ದವು. ಬೆಂಚು ಒರೆಸಿ ಒಂದು ಗಂಟೆಯೊಳಗೆ ಅದರ ಮೇಲೆ ಬೆರಳಿನಿಂದ ಹೆಸರು ಬರೆಯಬಹುದಾದಷ್ಟು ಧೂಳು. ನಮಗೆ ಅದು ಅಭ್ಯಾಸವಾಗಿ ಹೋಗಿತ್ತು.

ಒಂಬತ್ತನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅಪ್ಪನಿಗೆ ಬೆಟ್ಟದ ಬುಡದಲ್ಲಿ ರಾಗಿ ಹೊಲ, ನಾಲ್ಕಾರು ಕುರಿ. ಮಾತು ಕಡಿಮೆ. ಪುಟ್ ಅಪ್ ವಿತ್ ಸೇರಿಸಿ ವಾಕ್ಯ ಬರೆಯಿರಿ ಎಂದಾಗ ಉಳಿದವರೆಲ್ಲ ಗೈಡಿನಲ್ಲಿ ಇದ್ದದ್ದನ್ನೇ ಬರೆದರು. ಇವಳು ಬರೆದದ್ದು: 'ವೀ ಪುಟ್ ಅಪ್ ವಿತ್ ದ ಡಸ್ಟ್.' ಅಕ್ಕ ಆ ಪುಸ್ತಕವನ್ನು ಸ್ಟಾಫ್ ರೂಮಿಗೆ ತಂದು ಎಲ್ಲರಿಗೂ ತೋರಿಸಿದರು. ಪೂರ್ತಿ ಅಂಕ ಕೊಟ್ಟು ಕೆಳಗೆ ಕೆಂಪು ಶಾಯಿಯಲ್ಲಿ 'ವೈ?' ಎಂದು ಬರೆದಿದ್ದರು. ಎರಡು ದಿನ ಬಿಟ್ಟು ಹುಡುಗಿ ಅದರ ಕೆಳಗೆ ಕನ್ನಡದಲ್ಲಿ ಉತ್ತರ ಬರೆದಿದ್ದಳು. 'ಎಲ್ಲರೂ ಸುಮ್ಮನಿದ್ದಾರೆ, ಅದಕ್ಕೆ ಮೇಡಂ.'

ಆ ಉತ್ತರ ಅವರನ್ನು ಕೂರಗೊಡಲಿಲ್ಲ. ಶಾಲೆಯ ವೇಳೆಯಲ್ಲಿ ಬಂಡೆ ಸಿಡಿಸಬಾರದು ಎಂದು ಅರ್ಜಿ ಬರೆದರು. ಸಹಿ ಹಾಕಲು ನಮ್ಮ ಮುಂದೆ ಹಿಡಿದರು. ಎಲ್ಲರೂ ಏನೇನೋ ನೆಪ ಹೇಳಿದೆವು. ಅವರೊಬ್ಬರದೇ ಸಹಿಯ ಅರ್ಜಿ ತಾಲ್ಲೂಕು ಕಚೇರಿಗೆ ಹೋಯಿತು. ಹದಿನೈದು ದಿನಕ್ಕೆ ಕ್ವಾರಿಯ ಮ್ಯಾನೇಜರು ಮುಖ್ಯೋಪಾಧ್ಯಾಯರ ಕೋಣೆಗೆ ಬಂದು ಕೂತರು. ನಮ್ಮನ್ನೂ ಕರೆದಿದ್ದರು. ಮ್ಯಾನೇಜರು ಮೃದು ಮಾತಿನ ಮನುಷ್ಯ. ಸಂಜೆಯಾದ ಮೇಲೆ ಸಿಡಿಸಲು ಆಗುವುದಿಲ್ಲ, ಅದರ ಬದಲು ಸಿಡಿಸುವ ಹತ್ತು ನಿಮಿಷ ಮೊದಲು ಮೂರು ಸಲ ಸೀಟಿ ಹೊಡೆಸುತ್ತೇವೆ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ ಎಂದರು.

"ಒಸಿ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ," ಎಂದರು ಮುಖ್ಯೋಪಾಧ್ಯಾಯರು. "ಅವ್ರೇನ್ ನಿಮ್ಗೆ ವೈರಿಗಳಾ? ಕುಡಿಯೋ ನೀರು ಕೊಟ್ಟವ್ರೆ."

ಅಕ್ಕ ನಮ್ಮೆಲ್ಲರ ಮುಖಗಳನ್ನು ಒಂದೊಂದಾಗಿ ನೋಡಿದರು. ನಾನು ಕಿಟಕಿಯ ಕಡೆ ತಿರುಗಿದೆ. ಕೊನೆಗೆ, "ಸರಿ. ಸೀಟಿ ಹೊಡೀರಿ," ಎಂದು ಎದ್ದು ಹೋದರು.

ಅಲ್ಲಿಂದ ಮುಂದೆ ಸೀಟಿ ಕೇಳಿದೊಡನೆ ಊಟದ ತಟ್ಟೆ ಬಿಟ್ಟು ಅಂಗಳಕ್ಕೆ ಓಡುತ್ತಿದ್ದರು. ಎರಡೆರಡು ತಲೆ ಮುಟ್ಟಿ ಮಕ್ಕಳನ್ನು ಒಳಗೆ ಬಿಡುವರು. ಏಳೆಂಟು ತಿಂಗಳು ಹೀಗೇ ನಡೆಯಿತು.

ಒಂದು ಗುರುವಾರ ಸೀಟಿ ಹೊಡೆಯಲಿಲ್ಲ.

ಬಿಸಿಯೂಟ ಮುಗಿದಿತ್ತು. ನಾನು ಹತ್ತನೇ ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಅಷ್ಟು ಹೊತ್ತಿಗೆ ಹತ್ತನೆಯ ತರಗತಿಗೆ ಬಂದಿದ್ದ ಆ ಹುಡುಗಿ ನಲ್ಲಿಯ ಹತ್ತಿರ ಒಬ್ಬಳೇ ತಟ್ಟೆ ತೊಳೆಯುತ್ತಿದ್ದಳು. ಬೆಟ್ಟದ ಕಡೆ ಭಾರಿ ಸದ್ದಾಯಿತು. ನೆಲ ಅದುರಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ತೆಂಗಿನಕಾಯಿ ಗಾತ್ರದ ಕಲ್ಲೊಂದು ಮೇಲಿನಿಂದ ಬಂದು ನಲ್ಲಿಯ ಸಿಮೆಂಟು ಕಟ್ಟೆಗೆ ಬಡಿದು ಚೂರಾಯಿತು. ಹುಡುಗಿ ಕೂಗಲೂ ಇಲ್ಲ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹಾಗೇ ಕೂತಳು. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು.

ನಾನು ಬಾಗಿಲಲ್ಲೇ ನಿಂತಿದ್ದೆ. ಅಕ್ಕ ಎಲ್ಲಿಂದ ಬಂದರೋ, ಹುಡುಗಿಯನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡು ರಸ್ತೆಗೆ ಓಡಿದರು. ಹದಿನೈದು ವರ್ಷದ ಹುಡುಗಿಯನ್ನು ಕೂಸಿನ ಹಾಗೆ ಎತ್ತಿದ್ದರು. ಹುಲ್ಲು ಹೇರಿಕೊಂಡು ಬರುತ್ತಿದ್ದ ಗೂಡ್ಸ್ ಆಟೋ ನಿಲ್ಲಿಸಿ ಕನಕಪುರದ ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿಗೆ ಹೋದರು. ಎಡಗಣ್ಣು ಉಳಿಯಲಿಲ್ಲ.

ನಾಲ್ಕನೇ ದಿನ ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತಾಗ ಅವರ ಮುಖ ಗುರುತು ಸಿಗದ ಹಾಗೆ ಇಳಿದುಹೋಗಿತ್ತು. "ಸೀಟಿ ಹೊಡೀರಿ ಸಾಕು ಅಂತ ಒಪ್ಕಂಡೋಳು ನಾನೇ ಅಲ್ವೇನಮ್ಮಿ?" ಎಂದರು. "ಮಕ್ಳಿಗೆ ಬೋರ್ಡ್ ಮೇಲೆ ಬರ್ದು ಬರ್ದು ಹೇಳ್ದೆ. ನಾನೇ ಎತ್ತಿಟ್ಕಂಡ್ಬುಟ್ಟೆ."

ನಾನು ಅವರ ಕೈ ಹಿಡಿದುಕೊಂಡೆ. ಅವರ ನಂಬಿಕೆಗೆ ನಾನು ಯೋಗ್ಯಳಾಗಿದ್ದ ಕೊನೆಯ ದಿನ ಅದು.

ತಾಲ್ಲೂಕು ಕಚೇರಿಯವರು ವಿಚಾರಣೆಗೆ ಬರುತ್ತಾರೆಂದು ಗೊತ್ತಾದ ಬೆಳಿಗ್ಗೆ ನನ್ನ ಗಂಡ ಶೂ ಹಾಕಿಕೊಳ್ಳುತ್ತ, ತಲೆ ಎತ್ತದೆ, "ನಾನೇನೂ ಹೇಳಾಕಿಲ್ಲ. ನಿಂಗೇ ಎಲ್ಲಾ ಗೊತ್ತೈತೆ," ಎಂದ. ಇಬ್ಬರು ಮಕ್ಕಳು ಅಡುಗೆಮನೆಯಲ್ಲಿ ತಿಂಡಿ ತಿನ್ನುತ್ತಿದ್ದರು. ಶಾಲೆಗೆ ಹೋದರೆ ಮುಖ್ಯೋಪಾಧ್ಯಾಯರು ಒಬ್ಬೊಬ್ಬರನ್ನೇ ಕರೆದು ಬಿಳಿ ಹಾಳೆ ಕೊಟ್ಟರು. "ಮಕ್ಳು ಕಲ್ಲಾಟ ಆಡ್ತಿದ್ವು ಅಂತ ಬರ್ದ್ರೆ ಯಾರ್ಗೂ ತೊಂದ್ರೆ ಇಲ್ಲ ಮೇಡಂ. ಶಾಲೆ ಹೆಸ್ರೂ ಉಳೀತದೆ. ಆ ಹುಡ್ಗಿ ಖರ್ಚೆಲ್ಲಾ ಅವ್ರೇ ನೋಡ್ಕತಾರೆ," ಎಂದರು.

ನಾನು ಬರೆದೆ. 'ಊಟದ ವಿರಾಮದಲ್ಲಿ ಮಕ್ಕಳು ಪರಸ್ಪರ ಕಲ್ಲು ಎಸೆದುಕೊಂಡು ಆಡುತ್ತಿದ್ದುದನ್ನು ಕಣ್ಣಾರೆ ಕಂಡೆ. ಆ ಸಮಯದಲ್ಲಿ ಯಾವುದೇ ಸಿಡಿತದ ಸದ್ದು ಕೇಳಲಿಲ್ಲ.' ಏನನ್ನೂ ನೋಡಲಿಲ್ಲ ಎಂದು ಬರೆದಿದ್ದರೂ ಸಾಕಿತ್ತು. ಕಣ್ಣಾರೆ ಎಂಬ ಪದವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನದೇ.

ಸಂಜೆ ಬಸ್ಸಿನಲ್ಲಿ ಅಕ್ಕ, "ಏನ್ ಬರ್ದೆ?" ಎಂದು ಕೇಳಿದರು.

"ನೋಡಿದ್ದನ್ನೇ ಬರೆದೆ ಅಕ್ಕ."

"ಇಬ್ರಾದೋ. ಇಬ್ರಿದ್ರೆ ಸಾಕು ಬುಡು," ಎಂದು ಎದೆಯ ಮೇಲಿನ ಭಾರ ಇಳಿದಂತೆ ಸೀಟಿಗೆ ಒರಗಿದರು.

ವಿಚಾರಣೆ ಮುಗಿಯಿತು. ಮಕ್ಕಳ ಆಟದಲ್ಲಿ ಆದ ಆಕಸ್ಮಿಕ ಎಂದಾಯಿತು. ದಾನಿಗಳೇ ಹುಡುಗಿಗೆ ಗಾಜಿನ ಕಣ್ಣು ಹಾಕಿಸಿಕೊಟ್ಟರು. ಶಾಲೆಯ ಅಂಗಳದಲ್ಲಿ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆ ದಿನ ಅಕ್ಕ ರಜೆ ಹಾಕಿದ್ದರು. ಎಲ್ಲಿಗೆ ಹೋಗಿದ್ದರೆಂದು ಆಮೇಲೆ ಗೊತ್ತಾಯಿತು. ಮಾಹಿತಿ ಹಕ್ಕಿನಲ್ಲಿ ನಮ್ಮ ಹೇಳಿಕೆಗಳ ಪ್ರತಿ ಕೇಳಿ ಅರ್ಜಿ ಹಾಕಲು ಹೋಗಿದ್ದರು.

ಒಂದೂವರೆ ತಿಂಗಳ ಮೇಲೆ ಒಂದು ಸಂಜೆ ಎಂದಿನಂತೆ ಬಸ್ಸು ಹತ್ತಿ ನನ್ನ ಪಕ್ಕ ಕೂತರು. ಚೀಲದಿಂದ ಒಂದು ಹಾಳೆ ತೆಗೆದು ನನ್ನ ತೊಡೆಯ ಮೇಲೆ ಇಟ್ಟರು. "ಓದು," ಎಂದರು. ಮೊದಲ ಸಾಲು ಕಂಡಾಗಲೇ ನನಗೆ ಗೊತ್ತಾಯಿತು. "ಅಕ್ಕಾ, ನಮ್ಮನೆಯವರ ಕೆಲಸ..." ಎಂದು ಏನೋ ತೊದಲಿದೆ.

"ಅದು ನಂಗ್ ಗೊತ್ತಿತ್ತು ಕಣಮ್ಮಿ. ನೀನು ಬರೆಯಾಕಾಗಲ್ಲ ಅಂದಿದ್ರೆ ಆಗ್ಲಿ ಬುಡು ಅಂತಿದ್ದೆ. ನಂಗ್ ಸುಳ್ಳ್ ಯಾಕ್ ಹೇಳ್ದೆ?"

ಹಾಳೆ ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದು ಹಿಂದಿನ ಸೀಟಿಗೆ ಹೋದರು. ಅಲ್ಲಿಂದ ಅವರು ವರ್ಗವಾಗಿ ಹೋಗುವವರೆಗೆ, ನಾಲ್ಕು ತಿಂಗಳು, ಅದೇ ಬಸ್ಸಿನಲ್ಲಿ ನಾನು ಮುಂದೆ, ಅವರು ಹಿಂದೆ. ಶಾಲೆಯಲ್ಲಿ ಎದುರಾದರೆ 'ನಮಸ್ತೆ ಮೇಡಂ' ಎನ್ನುತ್ತಿದ್ದರು. ಅಮ್ಮಿ ಎಂದು ಕರೆಯುತ್ತಿದ್ದವರ ಬಾಯಲ್ಲಿ ಮೇಡಂ ಎಂಬುದನ್ನು ದಿನಾ ಕೇಳುವುದು ಹೇಗಿರುತ್ತದೆ ಎಂದು ಹೇಳಲಾರೆ.

ವರ್ಗಾವಣೆಯ ಆದೇಶದಲ್ಲಿ ಸಾರ್ವಜನಿಕ ಹಿತದೃಷ್ಟಿ ಎಂದಿತ್ತು. ಅವರನ್ನು ಚನ್ನಪಟ್ಟಣ ತಾಲ್ಲೂಕಿಗೆ, ಬೈರಾಪಟ್ಟಣದ ಕಡೆಗೆ ಹಾಕಿದ್ದರು. ಯಾವ ಊರನ್ನು ಬಿಟ್ಟು ಬಂದಿದ್ದರೋ ಅದರ ಬಸ್ ನಿಲ್ದಾಣದಲ್ಲೇ ದಿನಾ ಎರಡು ಸಲ ಇಳಿದು ಹತ್ತಬೇಕು. ಬೀಳ್ಕೊಡುಗೆ ಬೇಡವೆಂದರು.

ಒಂದು ವರ್ಷ ಕಳೆದ ಮೇಲೆ ನನಗೆ ತಡೆಯಲಾಗಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಕೇಳಿಕೊಂಡು, ಅವರು ಕನಕಪುರ ಬಿಟ್ಟು ಹಿಡಿದಿದ್ದ ಬಾಡಿಗೆ ಮನೆಗೆ ಹೋದೆ. ಬಾಗಿಲು ತೆಗೆದವರು ಒಂದು ಗಳಿಗೆ ನೋಡಿ, "ಬಾ," ಎಂದರು. ತಟ್ಟೆ ಇಟ್ಟು ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ನಾನು ತಿನ್ನದೆ ಕೂತಿದ್ದೆ.

"ನಿನ್ ಗಂಡ ಹೆಂಗವ್ನೆ? ಅದೇ ಕೆಲ್ಸಾನಾ?"

"ಹೂಂ ಅಕ್ಕ."

"ಮಕ್ಳು?"

"ಚೆನ್ನಾಗಿದಾರೆ." ಆಮೇಲೆ ಅಳು ಬಂದುಬಿಟ್ಟಿತು. "ತಪ್ಪಾಯ್ತು ಅಕ್ಕ. ಹೊಟ್ಟೆಗೆ ಹಾಕ್ಕೊಳ್ಳಿ," ಎಂದೆ. ಬಾಯಿಂದ ಬಂದ ಮೇಲೆಯೇ ಏನು ಅಂದೆನೆಂದು ಗೊತ್ತಾಗಿದ್ದು.

ಅವರು ಸಿಟ್ಟಾಗಲಿಲ್ಲ. ಸಾರಿನ ಸೌಟು ಕೆಳಗಿಟ್ಟರು. "ಇಲ್ಲ ಕಣಮ್ಮಿ. ಆಗಾಕಿಲ್ಲ," ಎಂದರು. "ನಂಗ್ ಹೇಳಿದ್ ಸುಳ್ಳು ನಾನ್ ಎಂಗೋ ನುಂಗ್ಕತೀನಿ. ಆ ಹಾಳೇಲಿರೋದ ನುಂಗಾಕೆ ನಾನ್ಯಾರು? ಕಣ್ ಹೋಗಿರೋದು ಆ ಮಗೀದು. ಹೋಗಿ ಅವ್ಳನ್ ಕೇಳು."

"ಹೇಗೆ ಕೇಳಲಿ?"

"ಬಾಯಲ್ಲಿ. ಈಗ ನಂಗ್ ಕೇಳಿದ್ಯಲ್ಲ, ಹಂಗೆ." ಎದ್ದು ಮಜ್ಜಿಗೆ ತಂದರು. "ಉಣ್ಣು, ಆರೋಯ್ತದೆ."

ನಾನು ಉಂಡೆ. ಬಸ್ಸಿನವರೆಗೂ ಬಂದು ಹತ್ತಿಸಿದರು. ಹುಡುಗಿಯ ಹತ್ತಿರ ಹೋಗುತ್ತೇನೆ ಎಂದು ಅವರಿಗೆ ಮಾತು ಕೊಟ್ಟು ಬಂದೆ. ಹೋಗಲಿಲ್ಲ. ಇಂದು, ನಾಳೆ, ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಎರಡು ವರ್ಷ ದೂಡಿದೆ. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು.

ಮೂರನೇ ದಿನದ ಹಾಲುತುಪ್ಪಕ್ಕೆ ಮಾಗಡಿಯ ಕಡೆಯ ಅವರ ಊರಿಗೆ ಹೋದೆ. ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಹಳೆಯ ಶಾಲೆಯಿಂದ ಬಂದಿದ್ದವಳು ನಾನೊಬ್ಬಳೇ. ಅವರ ತಮ್ಮ, ಕುರಿ ಸಾಕಿಕೊಂಡಿರುವಾತ, ನನ್ನನ್ನು ಮರದ ನೆರಳಿಗೆ ಕರೆದು ಕೂರಿಸಿ ಮಾತಾಡಿದ.

"ನಮ್ಮಕ್ಕ ಭಾನುವಾರ ಅಂದ್ರೆ ನಮ್ಗ್ ಸಿಕ್ತಾನೇ ಇರ್ಲಿಲ್ಲ ಮೇಡಂ. ಎರಡ್ ಬಸ್ ಬದ್ಲಾಯಿಸ್ಕಂಡು ನಿಮ್ ಕನಕಪುರದ ಕಡೀಕೆ ಹೋಗೋಳು. ಅದ್ಯಾರೋ ಕಣ್ ಹೋದ ಹುಡ್ಗಿಗೆ ಪಾಠ ಹೇಳಾಕೆ. ಹತ್ತನೇ ಕ್ಲಾಸ್ ಪಾಸ್ ಮಾಡ್ಸುದ್ಲು. ಆಮ್ಯಾಕೆ ಮುಂದಕ್ ಓದ್ಸಾಕೆ ಅವ್ರಪ್ಪ ಒಪ್ಲಿಲ್ಲ ಅಂತ ಒಂದ್ ವಾರ ಸರಿಯಾಗಿ ಉಣ್ಲಿಲ್ಲ. ಆ ಹುಡ್ಗಿ ನಿನ್ನೆ ಬಂದು ಮಣ್ಣಿಗ್ ಕೈ ಮುಗ್ದು ಹೋಯ್ತು. ಈಗ ಕನಕಪುರದಾಗೆ ರೇಷ್ಮೆ ನೂಲು ತೆಗ್ಯೋ ಕಡೆ ಕೆಲ್ಸಕ್ ಹೋಯ್ತದಂತೆ."

ನಾನು ಇರುವ ಊರಿನಲ್ಲೇ, ನನ್ನ ಮನೆಯಿಂದ ಎರಡು ಬೀದಿ ಆಚೆ.

ಮಾರನೆಯ ದಿನ ಮಧ್ಯಾಹ್ನ ಹೋದೆ. ತಗಡು ಹೊದಿಸಿದ ಉದ್ದನೆಯ ಶೆಡ್ಡು. ಒಳಗೆ ಬೆಂದ ಗೂಡುಗಳ ವಾಸನೆ, ಬಿಸಿನೀರಿನ ಹಬೆ. ಸಾಲಾಗಿ ಕೂತ ಹೆಂಗಸರ ನಡುವೆ ಅವಳು ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆಯ ತುದಿ ಹುಡುಕುತ್ತಿದ್ದಳು. ಒಂದೇ ಕಣ್ಣಿಗೆ ಆ ಎಳೆ ಕಾಣದು. ಬೆರಳಿನಿಂದಲೇ ಹುಡುಕುತ್ತಿದ್ದಳು. ಬೆರಳುಗಳು ನೀರಿನಲ್ಲಿ ನೆಂದು ಬೆಳ್ಳಗೆ ಸುಕ್ಕಾಗಿದ್ದವು. ನನ್ನನ್ನು ನೋಡಿ ಗುರುತು ಹಿಡಿದು ಎದ್ದು ಹೊರಗೆ ಬಂದಳು. ಎಡಗಣ್ಣಿನಲ್ಲಿ ಗಾಜು ಇರಲಿಲ್ಲ. ರೆಪ್ಪೆ ಮುಚ್ಚಿಕೊಂಡು ಒಳಕ್ಕೆ ಹೋಗಿತ್ತು.

"ನಮಸ್ತೆ ಮೇಡಂ."

ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. "ಆ ದಿನ ನಾನು ಬಾಗಿಲಲ್ಲಿ ನಿಂತಿದ್ದೆ. ಕಲ್ಲು ಬಂದದ್ದನ್ನು ನೋಡಿದೆ. ಆದರೆ ಸಿಡಿದ ಸದ್ದೇ ಕೇಳಲಿಲ್ಲ ಅಂತ, ಮಕ್ಕಳೇ ಎಸೆದರು ಅಂತ ಬರೆದುಕೊಟ್ಟೆ," ಎಂದೆ.

ಅವಳು ಲಂಗಕ್ಕೆ ಕೈ ಒರೆಸಿಕೊಂಡಳು.

"ಗೊತ್ತು ಮೇಡಂ."

"ಇಂಗ್ಲಿಷ್ ಟೀಚರ್ ಹೇಳಿದ್ರಾ?"

"ಇಲ್ಲ. ಟೀಚರ್ ಒಂದ್ ದಿನ ಆ ಕಾಗ್ದ ತಂದು ನಮ್ಮಪ್ಪಂಗೆ ಓದಿ ಹೇಳಿದ್ರು. ಯಾರ್ ಬರ್ದಿದ್ದು ಅಂತ ಅಪ್ಪ ಕೇಳ್ತು. ಅವ್ರು ಹೇಳ್ಲಿಲ್ಲ. ಹೆಸ್ರು ಇದ್ದ ಕಡೆ ಮಡ್ಚಿ, ಅದ್ರ ಮೇಲೆ ಹೆಬ್ಬೆಟ್ಟು ಇಟ್ಕಂಡೇ ಓದಿದ್ರು. ನಾನು ಪಕ್ಕದಲ್ಲೇ ಕೂತಿದ್ದೆ." ನನ್ನ ಮುಖ ನೋಡಿ ಹೇಳಿದಳು: "ಮೂರ್ ವರ್ಷ ನೀವು ಬೋರ್ಡ್ ಮೇಲೆ ಬರ್ದಿದ್ದ ನೋಡ್ಕಂಡ್ ಬರ್ದೋಳು ನಾನು. ನಿಮ್ ಅಕ್ಷರ ಗೊತ್ತಾಗಲ್ವಾ ಮೇಡಂ?"

ಒಳಗಿನಿಂದ ಯಾರೋ ಅವಳ ಹೆಸರು ಹಿಡಿದು ಕೂಗಿದರು. ನೀರು ಆರಿಹೋಗುತ್ತಿದೆ, ಬೇಗ ಬಾ ಎಂದರು.

"ಟೀಚರ್‌ಗೆ ನಾನೂ ಹೇಳ್ಲಿಲ್ಲ, ನಂಗ್ ಗೊತ್ತಾಯ್ತು ಅಂತ," ಎಂದಳು. "ಅಷ್ಟ್ ಕಷ್ಟಪಟ್ಟು ನಿಮ್ ಹೆಸ್ರು ಮೇಲೆ ಬೆರಳಿಟ್ಕಂಡಿದ್ರು."

ಹೇಳಿ ಒಳಗೆ ಹೋಗಿ ತನ್ನ ಜಾಗದಲ್ಲಿ ಕೂತಳು. ನಾನು ಹೊರಗೆ ನಿಂತೇ ಇದ್ದೆ. ಅವಳು ಬಿಸಿನೀರಿಗೆ ಕೈ ಹಾಕಿ ಮತ್ತೆ ಹುಡುಕತೊಡಗಿದಳು, ತಲೆ ಎತ್ತಲಿಲ್ಲ.